ಮೊದಲ ಮಳೆಯ ಚಿಗುರುಹುಲ್ಲು, ಮೈಬಂದ ಕುದುರೆ: ಮೇಪಿಗೆ ಮಿತಿ ಹಾಕುವ ಬಗೆ

ಏಪ್ರಿಲ್ ಕೊನೆಯಲ್ಲಿ ಭರಣಿ ಮಳೆ ಎರಡು ಸಲ ಚೆನ್ನಾಗಿ ಸುರಿಯಿತೆಂದರೆ ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಬೀಳು ಹೊಲಗಳೂ ಬದುಗಳೂ ಹತ್ತು ಹನ್ನೆರಡು ದಿನಗಳಲ್ಲಿ ಹಸುರಾಗುತ್ತವೆ. ಬೇಸಿಗೆಯುದ್ದಕ್ಕೂ ರಾಗಿಹುಲ್ಲನ್ನೇ ಜಗಿದ ದನಗಳಿಗೆ ಇದು ಜೀವ ಬರುವ ಕಾಲ; ಹಾಲು ಏರುತ್ತದೆ, ಮೈ ತುಂಬುತ್ತದೆ, ಸಾಕಿದವರಿಗೂ ಸಂತೋಷವಾಗುತ್ತದೆ. ಅದೇ ಹುಲ್ಲಿಗೆ ಕುದುರೆಯನ್ನೂ ದನದ ಹಾಗೆ ಬೆಳಗಿನಿಂದ ಸಂಜೆಯವರೆಗೆ ಬಿಟ್ಟರೆ, ವಿಶೇಷವಾಗಿ ಅದು ಹೆಚ್ಚು ಕೆಲಸವಿಲ್ಲದೆ ನಿಂತಿರುವ ಕುದುರೆಯಾಗಿದ್ದರೆ, ಆರೇಳು ವಾರಗಳಲ್ಲಿ ಕಣ್ಣಿಗೆ ಕಾಣುವಷ್ಟು ಕೊಬ್ಬುತ್ತದೆ, ಮತ್ತು ಆ ಕೊಬ್ಬಿನ ಪರಿಣಾಮ ಒಂದು ದಿನ ಗೊರಸಿನಲ್ಲಿ ಕಾಣಿಸಿಕೊಂಡು ಕುದುರೆ ಹೆಜ್ಜೆ ಇಡಲಾರದ ಸ್ಥಿತಿಗೆ ಬರಬಹುದು.

ಬ್ರಿಟನ್ನಿನಂಥ ತಂಪುದೇಶಗಳಲ್ಲಿ ಕುದುರೆ ಸಾಕುವವರು ಏಪ್ರಿಲ್, ಮೇ ತಿಂಗಳ ವಸಂತದ ಹುಲ್ಲಿಗೆ ಅಂಜುತ್ತಾರೆ. ಚಳಿಗಾಲದಲ್ಲಿ ಸತ್ತಂತೆ ಬಿದ್ದಿದ್ದ ಹುಲ್ಲು ಬಿಸಿಲು ಕಂಡೊಡನೆ ಸಕ್ಕರೆ ತುಂಬಿಕೊಂಡು ಎದ್ದು ಬರುವ ಕಾಲ ಅದು. ನಮ್ಮಲ್ಲಿ ಚೈತ್ರದಲ್ಲಿ ಮರ ಚಿಗುರುತ್ತದೆಯೇ ಹೊರತು ನೆಲ ಚಿಗುರುವುದಿಲ್ಲ. ಹುಲ್ಲಿನ ವಸಂತ ಮಳೆಯ ಜೊತೆಗೇ ಬರಬೇಕು. ಈ ಸೀಮೆಯಲ್ಲಿ ಅದು ವರ್ಷಕ್ಕೆ ಎರಡು ಸಲ ಬರುತ್ತದೆ: ಒಮ್ಮೆ ಮೇ ತಿಂಗಳ ಸುತ್ತ, ಇನ್ನೊಮ್ಮೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳ ಜೋರು ಮಳೆಯಲ್ಲಿ. ಆದುದರಿಂದ ಅಲ್ಲಿಯವರು ವರ್ಷಕ್ಕೊಮ್ಮೆ ಹಿಡಿಯುವ ಎಚ್ಚರವನ್ನು ನಾವು ಎರಡು ಸಲ ಹಿಡಿಯಬೇಕಾಗುತ್ತದೆ.

ಈ ನೆಲಕ್ಕೆ ಕುದುರೆ ಹೊಸದಲ್ಲ. ಹೊಸೂರಿನ ಪಕ್ಕದ ಮತ್ತಿಗಿರಿಯ ದೊಡ್ಡ ಪಶುಸಂಗೋಪನಾ ಕ್ಷೇತ್ರ 1824ರಲ್ಲಿ ಆರಂಭವಾದದ್ದು ಸೈನ್ಯದ ಕುದುರೆಗಳಿಗಾಗಿಯೇ. ಆದರೆ ದಂಡಿನ ಕುದುರೆ ದಿನವೂ ಓಡುತ್ತಿತ್ತು. ಈಗ ನಮ್ಮ ತೋಟಗಳಲ್ಲಿರುವ ಕುದುರೆಗಳಲ್ಲಿ ಹೆಚ್ಚಿನವು ಭಾನುವಾರದ ಸವಾರಿಗೋ ಮದುವೆಯ ಮೆರವಣಿಗೆಗೋ ಮೀಸಲಾದವು. ಕೆಲವು ಪಂದ್ಯದಿಂದ ನಿವೃತ್ತಿಯಾಗಿ ಬಂದವು. ಅವಕ್ಕೆ ಕೆಲಸ ಕಡಿಮೆ, ಮೇವು ಮಾತ್ರ ಹಿಂದಿನಷ್ಟೇ.

ಮೊದಲು ಅಳತೆ

ಮೇಪು ಕಡಿಮೆ ಮಾಡುವ ಮುನ್ನ ಕುದುರೆ ನಿಜವಾಗಿ ದಪ್ಪಗಿದೆಯೇ ಎಂಬುದನ್ನು ಕೈಯಿಂದ ಮುಟ್ಟಿ ನೋಡಬೇಕು, ಏಕೆಂದರೆ ದಿನವೂ ನೋಡುವ ಕಣ್ಣಿಗೆ ಬದಲಾವಣೆ ಕಾಣುವುದಿಲ್ಲ. ನಮ್ಮಲ್ಲಿ ಇನ್ನೊಂದು ತೊಡಕೂ ಉಂಟು: ಮಿರುಗುವ ದುಂಡು ಮೈಯ ಕುದುರೆಯನ್ನು ಕಂಡು ‘ಚೆನ್ನಾಗಿ ಸಾಕಿದ್ದಾರೆ’ ಎಂದು ಬಂದವರೆಲ್ಲ ಹೊಗಳುತ್ತಾರೆ, ಪಕ್ಕೆ ಸ್ವಲ್ಪ ಎದ್ದು ಕಂಡರೆ ಹೊಟ್ಟೆಗೆ ಹಾಕುತ್ತಿಲ್ಲವೇನೋ ಎಂದು ಮುಖ ನೋಡುತ್ತಾರೆ. ಈ ಮಾತುಗಳನ್ನು ಕಿವಿಯ ಮೇಲೆ ಹಾಕಿಕೊಳ್ಳಬಾರದು.

ಅಮೆರಿಕದ ಟೆಕ್ಸಾಸಿನಲ್ಲಿ 1983ರಲ್ಲಿ ಡಾನ್ ಹೆನ್ನೆಕೆ ಮತ್ತು ಸಂಗಡಿಗರು ರೂಪಿಸಿದ, 1ರಿಂದ 9ರವರೆಗಿನ ಮೈಕಟ್ಟಿನ ಅಳತೆಯನ್ನು ಇಂದಿಗೂ ಎಲ್ಲೆಡೆ ಬಳಸುತ್ತಾರೆ. ಕತ್ತು, ಹೆಗಲ ಏರು, ಭುಜದ ಹಿಂಭಾಗ, ಪಕ್ಕೆಲುಬು, ಬೆನ್ನು ಮತ್ತು ಬಾಲದ ಬುಡ ಎಂಬ ಆರು ಕಡೆ ಕೈಯಾಡಿಸಿ ಅಂಕ ಕೊಡಬೇಕು. 5 ಹದವಾದ ಮೈ: ಪಕ್ಕೆಲುಬು ಕಣ್ಣಿಗೆ ಕಾಣುವುದಿಲ್ಲ, ಆದರೆ ಅಂಗೈ ಸವರಿದರೆ ಒಂದೊಂದೂ ಸುಲಭವಾಗಿ ಸಿಗುತ್ತದೆ. ಒತ್ತಿ ಹುಡುಕಿದರೂ ಪಕ್ಕೆ ಸಿಗದೆ, ಬಾಲದ ಬುಡದಲ್ಲಿ ಮೆತ್ತನೆಯ ದಿಂಬಿನಂತಹ ಕೊಬ್ಬು ಇದ್ದು, ಬೆನ್ನಿನ ನಡುವೆ ಕಾಲುವೆಯಂತೆ ತಗ್ಗು ಮೂಡಿದ್ದರೆ 7ನ್ನು ದಾಟಿದೆ ಎಂದು ತಿಳಿಯಬಹುದು. ಜೂಲಿನ ಬುಡವನ್ನು ಬೇರೆಯಾಗಿಯೇ ನೋಡಬೇಕು. ಅಲ್ಲಿ ಗಟ್ಟಿಯಾದ ಕೊಬ್ಬಿನ ದಿಂಡು ಎದ್ದಿದ್ದು, ಅದು ಕೈಗೆ ಬಾಗದಷ್ಟು ಬಿಗಿಯಾಗಿದ್ದರೆ, ಉಳಿದ ಮೈ ಅಷ್ಟೇನೂ ದಪ್ಪವಿಲ್ಲದಿದ್ದರೂ ಆ ಕುದುರೆಗೆ ಹುಲ್ಲಿನಿಂದ ಅಪಾಯ ಹೆಚ್ಚು.

ತೂಕದ ಯಂತ್ರ ಹಳ್ಳಿಯಲ್ಲಿ ಎಲ್ಲಿಂದ ಬರಬೇಕು? ದರ್ಜಿಯ ಟೇಪು ಸಾಕು. ಹೆಗಲ ಏರಿನ ಹಿಂದೆ, ಮುಂಗಾಲಿನ ಸಂದಿಯ ಹಿಂದಿನಿಂದ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆದು, ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋಗ್ರಾಂ ಲೆಕ್ಕದ ಅಂದಾಜು ತೂಕ ಸಿಗುತ್ತದೆ. ಸುತ್ತಳತೆ 175, ಉದ್ದ 160 ಇದ್ದ ನಮ್ಮ ಕಂದು ಹೆಣ್ಣುಕುದುರೆಯ ತೂಕ ಈ ಲೆಕ್ಕದಲ್ಲಿ 412 ಕಿಲೋ ಬಂದಿತ್ತು. ಅಂದಾಜಿನಲ್ಲಿ ಹತ್ತಿಪ್ಪತ್ತು ಕಿಲೋ ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ. ಒಬ್ಬರೇ, ಒಂದೇ ಟೇಪಿನಿಂದ, ಒಂದೇ ಹೊತ್ತಿನಲ್ಲಿ, ಎರಡು ವಾರಕ್ಕೊಮ್ಮೆ ಅಳೆದರೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಸ್ಪಷ್ಟವಾಗುತ್ತದೆ, ನಮಗೆ ಬೇಕಾದದ್ದೂ ಅದೇ.

ಹಸಿಹುಲ್ಲಿನ ಒಳಗಿನ ಲೆಕ್ಕ

ಹುಲ್ಲು ಹಗಲು ಬಿಸಿಲಿನಲ್ಲಿ ಸಕ್ಕರೆ ತಯಾರಿಸಿ, ರಾತ್ರಿ ಅದನ್ನು ಖರ್ಚು ಮಾಡಿ ಬೆಳೆಯುತ್ತದೆ. ಹಾಗಾಗಿ ಎಲೆಯೊಳಗಿನ ಸಕ್ಕರೆ ಬೆಳಗಿನ ಜಾವಕ್ಕೆ ಅತಿ ಕಡಿಮೆ, ಇಳಿಹೊತ್ತಿಗೆ ಅತಿ ಹೆಚ್ಚು. ರಾತ್ರಿಯ ಉಷ್ಣತೆ 5 ಡಿಗ್ರಿಗಿಂತ ಕೆಳಗಿಳಿದರೆ ಮಾತ್ರ ಈ ನಿಯಮ ತಪ್ಪುತ್ತದೆ: ಚಳಿಗೆ ಬೆಳವಣಿಗೆ ನಿಲ್ಲುವುದರಿಂದ ಸಕ್ಕರೆ ಖರ್ಚಾಗದೆ ಎಲೆಯಲ್ಲೇ ಉಳಿಯುತ್ತದೆ, ಮತ್ತು ಹಿಮ ಬಿದ್ದ ಬೆಳಿಗ್ಗೆ ಬಿಸಿಲೇರಿದಾಗ ಹುಲ್ಲು ಇನ್ನಷ್ಟು ಅಪಾಯಕಾರಿಯಾಗುತ್ತದೆ. ಉದಕಮಂಡಲದಲ್ಲಿ ಡಿಸೆಂಬರ್, ಜನವರಿಯಲ್ಲಿ ಹಿಮ ಬೀಳುವುದರಿಂದ ಅಲ್ಲಿ ಕುದುರೆ ಸಾಕುವವರು ಇದನ್ನು ನೆನಪಿನಲ್ಲಿಡಬೇಕು. ಹೊಸೂರಿನ ಚಳಿ ಅಷ್ಟಕ್ಕೆ ಇಳಿಯುವುದಿಲ್ಲ. ನೀರಿನ ಕೊರತೆಯಿಂದ ಬಾಡಿ ನಿಂತ ಹುಲ್ಲಿನಲ್ಲೂ ಸಕ್ಕರೆ ಕೂಡಿಕೊಳ್ಳುತ್ತದೆ. ಹಾಗೆಯೇ, ನುಣ್ಣಗೆ ಮೇಯಿಸಿದ ನೆಲ ಸುರಕ್ಷಿತವೆಂದು ಹಲವರು ನಂಬಿರುವುದೂ ಸರಿಯಲ್ಲ. ಸಕ್ಕರೆ ಹೆಚ್ಚಾಗಿ ಕಾಂಡದ ಬುಡದಲ್ಲಿ ಸಂಗ್ರಹವಾಗುವುದರಿಂದ ಗೀಚಿ ತಿಂದ ಮೋಟು ಹುಲ್ಲಿನ ಒಂದೊಂದು ತುತ್ತಿನಲ್ಲೂ ಅದೇ ಹೆಚ್ಚಿರುತ್ತದೆ, ಜೊತೆಗೆ ಮಣ್ಣು, ಮರಳು ಹೊಟ್ಟೆಗೆ ಹೋಗಿ ಶೂಲೆ ಬರಲು ಅವಕಾಶವಾಗುತ್ತದೆ.

ತಂಪುದೇಶದ ರೈ ಹುಲ್ಲಿನಂಥವು ಸಕ್ಕರೆಯನ್ನು ಫ್ರಕ್ಟಾನ್ ರೂಪದಲ್ಲಿ ಮಿತಿಯಿಲ್ಲದೆ ಕೂಡಿಡಬಲ್ಲವು. ನಮ್ಮ ಗರಿಕೆ, ನೇಪಿಯರ್, ಗಿನಿ ಹುಲ್ಲುಗಳು ಉಷ್ಣವಲಯದವು. ಅವು ಪಿಷ್ಟವನ್ನು ಎಲೆಯಲ್ಲಿ ಒಂದು ಮಟ್ಟದವರೆಗೆ ಮಾತ್ರ ಕೂಡಿಡುತ್ತವೆ. ಹಿಡಿಗೆ ಹಿಡಿ ತೂಗಿದರೆ ನಮ್ಮ ಹುಲ್ಲಿನಲ್ಲಿ ಅಪಾಯ ಕಡಿಮೆಯೆನ್ನಬಹುದು. ಆದರೆ ಕುದುರೆ ಹಿಡಿ ಲೆಕ್ಕದಲ್ಲಿ ತಿನ್ನುವುದಿಲ್ಲ. ಎಳೆಚಿಗುರಿನಲ್ಲಿ ನಾರು ಕಡಿಮೆಯಿರುವುದರಿಂದ ಬೇಗ ಕಚ್ಚಿ, ಬೇಗ ನುಂಗಿ, ಮತ್ತೆ ಕಚ್ಚುತ್ತದೆ. ಬೇಲಿಯಿಲ್ಲದ ಹುಲ್ಲಿನಲ್ಲಿ ಕುದುರೆ ದಿನಕ್ಕೆ ತನ್ನ ತೂಕದ ಸುಮಾರು ನೂರಕ್ಕೆ 2ರಿಂದ 3ರಷ್ಟು ಒಣತೂಕದ (ನೀರಿನಂಶ ಕಳೆದು ಉಳಿಯುವ ತೂಕದ) ಮೇವು ತಿನ್ನಬಲ್ಲದು. ತಟ್ಟುಗಳು ಕೆಲವೊಮ್ಮೆ 4, 5ಕ್ಕೂ ಹೋಗುತ್ತವೆ.

ತೂಕ ಇಳಿಸಬೇಕಾದ ಕುದುರೆಗೆ ಕೊಡಬೇಕಾದದ್ದು ಅದರ ಈಗಿನ ತೂಕದ ನೂರಕ್ಕೆ 1.5ರಷ್ಟು ಒಣತೂಕದ ಮೇವು. 400 ಕಿಲೋ ಕುದುರೆಗೆ ಇದು ದಿನಕ್ಕೆ 6 ಕಿಲೋ. ಎಳೆಹುಲ್ಲಿನ ಐದರಲ್ಲಿ ನಾಲ್ಕು ಪಾಲು ನೀರೇ ಆದುದರಿಂದ ಆ 6 ಕಿಲೋ ಎಂದರೆ 30 ಕಿಲೋ ಹಸಿಹುಲ್ಲು; ಒಣಹುಲ್ಲಾದರೆ ಸುಮಾರು ಆರೂಮುಕ್ಕಾಲು ಕಿಲೋ. ಇದಕ್ಕಿಂತ ಕೆಳಗೆ ಪಶುವೈದ್ಯರನ್ನು ಕೇಳದೆ ಇಳಿಯಬಾರದು. ಉಪವಾಸ ಹಾಕುವುದಂತೂ ಸಲ್ಲದು. ಕುದುರೆಯ ಜಠರದಲ್ಲಿ ಆಮ್ಲ ಹೊತ್ತುಗೊತ್ತಿಲ್ಲದೆ ಸದಾ ಸ್ರವಿಸುತ್ತಿರುವುದರಿಂದ ಬಾಯಿಗೆ ಕೆಲಸವಿಲ್ಲದೆ ಆರು ಗಂಟೆ ಮೀರಿ ನಿಂತರೆ ಹುಣ್ಣಾಗುವ ಸಂಭವ ಹೆಚ್ಚು, ಮತ್ತು ದಪ್ಪಗಿರುವ ತಟ್ಟುಗಳಿಗೂ ಕತ್ತೆಗಳಿಗೂ ಏಕಾಏಕಿ ಮೇವು ನಿಲ್ಲಿಸಿದರೆ ಮೈಯ ಕೊಬ್ಬೆಲ್ಲ ಒಮ್ಮೆಗೇ ಕರಗಿ ರಕ್ತಕ್ಕೆ ನುಗ್ಗಿ, ಯಕೃತ್ತು ಕೆಟ್ಟು, ಪ್ರಾಣಕ್ಕೇ ಸಂಚಕಾರವಾಗುತ್ತದೆ. ನಾವು ಕಡಿಮೆ ಮಾಡಬೇಕಾದದ್ದು ಹಸಿಹುಲ್ಲನ್ನು, ಜಗಿಯುವ ಹೊತ್ತನ್ನಲ್ಲ; ಮುಂದೆ ಹೇಳುವ ಎಲ್ಲ ಉಪಾಯಗಳೂ ಈ ಒಂದು ಮಾತಿನ ಮೇಲೆ ನಿಂತಿವೆ.

ಹೊತ್ತು ಕಡಿಮೆ ಮಾಡಿದರೆ ಸಾಕೇ?

ಎಲ್ಲರೂ ಮೊದಲು ಹಿಡಿಯುವ ದಾರಿ ಇದೇ, ನಾನೂ ಇದನ್ನೇ ಹಿಡಿದು ಎಡವಿದೆ. ದಿನವಿಡೀ ಲಾಯದಲ್ಲಿ ಕಟ್ಟಿ, ಕೆಲಸ ಮುಗಿಸಿ ಬಂದ ಮೇಲೆ ಸಂಜೆ ನಾಲ್ಕರಿಂದ ಏಳರವರೆಗೆ ಮೂರೇ ಗಂಟೆ ಬಿಡುತ್ತಿದ್ದೆ. ಒಂದು ತಿಂಗಳಾದರೂ ಟೇಪು ಒಂದು ಬೆರಳೂ ಇಳಿಯಲಿಲ್ಲ. ತಪ್ಪು ಎರಡಿತ್ತು. ಹುಲ್ಲಿನಲ್ಲಿ ಸಕ್ಕರೆ ತುಂಬಿದ ಹೊತ್ತನ್ನೇ ಹುಡುಕಿ ಬಿಟ್ಟಂತಾಗಿತ್ತು. ಎರಡನೆಯದಾಗಿ, ಹೊತ್ತು ಕಡಿಮೆಯೆಂದು ಕುದುರೆ ಕೆಲವೇ ದಿನಗಳಲ್ಲಿ ಕಲಿತುಬಿಡುತ್ತದೆ. ತಲೆಯೆತ್ತದೆ, ನಡೆಯದೆ, ಒಂದೇ ಸಮನೆ ತಿನ್ನುತ್ತದೆ. ಬ್ರಿಟನ್ನಿನಲ್ಲಿ ತಟ್ಟುಗಳ ಮೇಲೆ ನಡೆದ ಪ್ರಯೋಗವೊಂದರಲ್ಲಿ ದಿನಕ್ಕೆ ಮೂರು ಗಂಟೆ ಮಾತ್ರ ಹುಲ್ಲಿಗೆ ಬಿಟ್ಟ ತಟ್ಟುಗಳು ಆ ಅವಧಿಯಲ್ಲೇ ತಮ್ಮ ತೂಕದ ನೂರಕ್ಕೆ 0.9ರಷ್ಟು ಒಣತೂಕ ತಿಂದಿದ್ದವು. 400 ಕಿಲೋ ಕುದುರೆಗೆ ಅದೇ ಲೆಕ್ಕ ಹಿಡಿದರೆ ಮೂರೂವರೆ ಕಿಲೋ ದಾಟುತ್ತದೆ, ಎಂದರೆ ಇಡೀ ದಿನದ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು. ಅದರ ಮೇಲೆ ಲಾಯದಲ್ಲಿ ನಾನು ಹಾಕುತ್ತಿದ್ದ ಒಣಹುಲ್ಲೂ, ಪಾಪವೆಂದು ಹಾಕುತ್ತಿದ್ದ ಬೂಸಾವೂ ಸೇರಿದರೆ ಇಳಿಯುವುದಾದರೂ ಹೇಗೆ?

ಹೊತ್ತಿನ ಮಿತಿಯನ್ನೇ ಬಳಸುವುದಾದರೆ ಬೆಳಿಗ್ಗೆ ಬೆಳಕು ಹರಿದೊಡನೆ ಬಿಟ್ಟು ಎಂಟೂವರೆ, ಒಂಬತ್ತರೊಳಗೆ ಒಳಗೆ ತರಬೇಕು. ಹೊರಡುವ ಮುನ್ನ ಒಂದು ಕಿಲೋ ಒಣಹುಲ್ಲು ತಿನ್ನಿಸಿದರೆ ಹಸಿವಿನ ಆತುರ ಕಡಿಮೆಯಾಗುತ್ತದೆ. ಹೊರದೇಶದವರು ಇಡೀ ರಾತ್ರಿ ಮೇಯಿಸಿ ಬೆಳಿಗ್ಗೆ ಒಳಗೆ ತರುವುದನ್ನು ಸೂಚಿಸುತ್ತಾರೆ. ಜವಳಗಿರಿ, ಅಂಚೆಟ್ಟಿ, ತಳಿ ಕಾಡಂಚಿನ ತೋಟಗಳಲ್ಲಿ ರಾತ್ರಿ ಹೊತ್ತು ಕುದುರೆಯನ್ನು ಬಯಲಿಗೆ ಬಿಡುವುದು ಆಗದ ಮಾತು; ಚಿರತೆಯ ಭಯ ಒಂದಾದರೆ, ರಾಗಿ ತೆನೆ ಕಟ್ಟುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಇಳಿಯುವ ಆನೆಗಳದು ಇನ್ನೊಂದು.

ಕುಕ್ಕೆ

ಎಳೆ ರಾಗಿ ಪೈರಿನ ಸಾಲುಗಳ ನಡುವೆ ಕುಂಟೆ ಹೊಡೆಯುವಾಗ ಎತ್ತು ಪೈರಿಗೆ ಬಾಯಿ ಹಾಕದಂತೆ ಮೂತಿಗೆ ಕುಕ್ಕೆ ಕಟ್ಟುವುದನ್ನು ನಮ್ಮ ಕಡೆ ಮಕ್ಕಳೂ ಬಲ್ಲರು. ಕುದುರೆಯ ಮೇಪಿನ ಕುಕ್ಕೆಯೂ ಅದೇ ಕುಲದ್ದು, ಆದರೆ ಉದ್ದೇಶ ಬೇರೆ: ಎತ್ತಿನ ಕುಕ್ಕೆ ಬಾಯಿಯನ್ನು ಪೂರ್ತಿ ಮುಚ್ಚಬೇಕು, ಕುದುರೆಯದು ತುತ್ತನ್ನು ಚಿಕ್ಕದು ಮಾಡಬೇಕು. ಬುಟ್ಟಿಯ ತಳದಲ್ಲಿ ಸುಮಾರು ಮೂರು ಸೆಂಟಿಮೀಟರ್ ಅಗಲದ ರಂಧ್ರವಿರುತ್ತದೆ. ಅದರಲ್ಲಿ ತೂರಿ ಬಂದ ಹುಲ್ಲಿನ ತುದಿಯನ್ನಷ್ಟೇ ಕುದುರೆ ಕಚ್ಚಬಲ್ಲದು, ನೀರು ಸಲೀಸಾಗಿ ಕುಡಿಯಬಲ್ಲದು. ಹುಲ್ಲಿನ ಎತ್ತರಕ್ಕೂ ಕುಕ್ಕೆಯ ಬಗೆಗೂ ತಕ್ಕಂತೆ ತಿನ್ನುವ ಪ್ರಮಾಣ ನೂರಕ್ಕೆ 30ರಿಂದ 80ರವರೆಗೆ ತಗ್ಗುತ್ತದೆ. ಎಲ್ಲ ಉಪಾಯಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇದೇ, ಏಕೆಂದರೆ ಕುದುರೆ ಬಯಲಿನಲ್ಲಿ ತನ್ನ ಜೊತೆಗಾರರೊಂದಿಗೆ ತಿರುಗಾಡಿಕೊಂಡೇ ಕಡಿಮೆ ತಿನ್ನುತ್ತದೆ.

ಎತ್ತಿನ ಹಗ್ಗದ ಕುಕ್ಕೆಯನ್ನೇ ಕುದುರೆಗೆ ಕಟ್ಟಬಾರದು. ಅದರ ಕಣ್ಣುಗಳಲ್ಲಿ ಹಲ್ಲೋ ಲಾಳವೋ ಸಿಕ್ಕಿಕೊಂಡರೆ ಎತ್ತು ನಿಂತೀತು, ಕುದುರೆ ನಿಲ್ಲುವುದಿಲ್ಲ. ಗಾಬರಿಗೆ ಎಳೆದಾಡಿ ಕತ್ತು ಮುರಿದುಕೊಳ್ಳಬಹುದು. ಕುಕ್ಕೆಯನ್ನು ಕಟ್ಟುವ ಹಾಲ್ಟರಿನಲ್ಲಿ, ಎಂದರೆ ತಲೆಗೆ ಹಾಕುವ ಪಟ್ಟಿಯಲ್ಲಿ, ಒಂದು ಕಡೆ ಬಲವಾಗಿ ಎಳೆದರೆ ಕಿತ್ತುಬರುವಂತಹ ತೆಳುವಾದ ಚರ್ಮದ ತುಂಡೋ ದಾರವೋ ಇರಲೇಬೇಕು. ತುಟಿಗೂ ಕುಕ್ಕೆಯ ತಳಕ್ಕೂ ನಡುವೆ ಎರಡು ಬೆರಳಿನಷ್ಟು ಜಾಗವಿರಬೇಕು, ಮೂಗಿನ ಹೊಳ್ಳೆಗಳು ಪೂರ್ತಿ ತೆರೆದಿರಬೇಕು, ಮತ್ತು ಉಜ್ಜುವ ಕಡೆ ಮೆತ್ತನೆಯ ಬಟ್ಟೆ ಸುತ್ತಬೇಕು; ನಮ್ಮ ಸೆಖೆಯಲ್ಲಿ ಬೆವರಿಗೂ ಉಜ್ಜಿಗೂ ಎರಡೇ ದಿನಕ್ಕೆ ದವಡೆ ಸುಲಿಯುತ್ತದೆ. ಮೊದಲ ದಿನ ಕಾಲು ಗಂಟೆ ಹಾಕಿ, ರಂಧ್ರದ ಮೂಲಕ ಕೈಯಿಂದ ಹುಲ್ಲಿನ ಎಸಳು ತಿನ್ನಿಸಿ ರೂಢಿ ಮಾಡಬೇಕು. ವಾರ, ಹತ್ತು ದಿನಗಳಲ್ಲಿ ಅರ್ಧ ದಿನಕ್ಕೆ ತರಬಹುದು. ದಿನಕ್ಕೆ ಹತ್ತು ಹನ್ನೆರಡು ಗಂಟೆ ಮೀರಿ ಇರಕೂಡದು. ಹುಲ್ಲು ನಾಲ್ಕು ಬೆರಳಿಗಿಂತ ಗಿಡ್ಡವಾಗಿದ್ದರೆ ರಂಧ್ರಕ್ಕೆ ಸಿಗದೆ ಕುದುರೆ ಸಿಟ್ಟಿಗೆ ಕುಕ್ಕೆಯನ್ನೇ ಕಿತ್ತುಹಾಕುತ್ತದೆ. ನೆಲಕ್ಕಂಟಿ ಹಬ್ಬಿದ ಗರಿಕೆಯಲ್ಲಿ ಈ ತೊಂದರೆ ಹೆಚ್ಚು. ಕುಕ್ಕೆ ಬಿಚ್ಚಿದ ಮೇಲೆ ಕುದುರೆಯನ್ನು ಅದೇ ಹುಲ್ಲಿನಲ್ಲಿ ಬಿಟ್ಟುಬಂದರೆ ಇಷ್ಟು ಹೊತ್ತು ಕಟ್ಟಿದ್ದೂ ವ್ಯರ್ಥ.

ದಿನಕ್ಕೊಂದು ಪಟ್ಟಿ

ಕುಕ್ಕೆ ಒಗ್ಗದ ಕುದುರೆಗೆ ಹುಲ್ಲನ್ನೇ ಪಾಲು ಮಾಡಿ ಕೊಡಬೇಕು. ಹೊಲಕ್ಕೆ ಅಡ್ಡಲಾಗಿ ತಾತ್ಕಾಲಿಕ ಟೇಪು ಬೇಲಿ ಎಳೆದು ದಿನವೂ ಸ್ವಲ್ಪ ಸ್ವಲ್ಪ ಮುಂದಕ್ಕೆ ಸರಿಸುವುದೇ ಇದರ ವಿಧಾನ. ಎಷ್ಟು ಸರಿಸಬೇಕೆಂಬುದನ್ನು ಕುಡುಗೋಲಿನಿಂದಲೇ ಲೆಕ್ಕ ಹಾಕಬಹುದು. ಒಂದು ಚದರ ಮೀಟರ್ ಜಾಗದ ಹುಲ್ಲನ್ನು ನೆಲದಿಂದ ನಾಲ್ಕು ಬೆರಳು ಬಿಟ್ಟು ಕೊಯ್ದು ತೂಗಿರಿ. 600 ಗ್ರಾಂ ಬಂತೆನ್ನೋಣ. ಐದನೆಯ ಒಂದು ಪಾಲು ಹಿಡಿದರೆ ಒಣತೂಕ 120 ಗ್ರಾಂ. ದಿನದ 6 ಕಿಲೋದಲ್ಲಿ ಅರ್ಧವನ್ನು, ಅಂದರೆ 3 ಕಿಲೋವನ್ನು ಹಸಿಹುಲ್ಲಿನಿಂದ ಕೊಡಬೇಕಾದರೆ 25 ಚದರ ಮೀಟರ್ ಬೇಕು. ಪಟ್ಟಿಯ ಅಗಲ 10 ಮೀಟರ್ ಇದ್ದರೆ ಬೇಲಿಯನ್ನು ದಿನಕ್ಕೆ ಎರಡೂವರೆ ಮೀಟರ್ ಸರಿಸಿದರೆ ಸರಿಹೋಗುತ್ತದೆ. ಮಳೆ ಬಂದು ಹುಲ್ಲು ದಟ್ಟವಾದ ವಾರದಲ್ಲಿ ಮತ್ತೆ ಕೊಯ್ದು ತೂಗಲೇಬೇಕು. ತೂಕ ಇಮ್ಮಡಿಯಾಗಿದ್ದರೆ ಸರಿಸುವ ಅಂತರ ಅರ್ಧವಾಗಬೇಕು. ಹಿಂದೆಯೂ ಒಂದು ಬೇಲಿ ಇಟ್ಟು ಮೂರು ನಾಲ್ಕು ದಿನಕ್ಕೊಮ್ಮೆ ಮುಂದಕ್ಕೆ ತಂದರೆ ಮೇದ ಜಾಗ ಮತ್ತೆ ಚಿಗುರಲು ಬಿಡುವು ಸಿಗುತ್ತದೆ, ಕುದುರೆ ಹಿಂದೆ ಹೋಗಿ ಎಳೆಚಿಗುರನ್ನು ಗೀಚುವುದೂ ತಪ್ಪುತ್ತದೆ.

ವಿದ್ಯುತ್ ಟೇಪು ಬಳಸುವವರಿಗೆ ಒಂದು ಮಾತು. ಜಾನುವಾರು ಬೇಲಿಗಾಗಿಯೇ ಮಾಡಿದ, ಕ್ಷಣ ಬಿಟ್ಟು ಕ್ಷಣ ಮಿಡಿಯುವ ಸೌರ ಯಂತ್ರವನ್ನಷ್ಟೇ ಜೋಡಿಸಬೇಕು. ಪಂಪ್‌ಸೆಟ್ಟಿನ ತಂತಿಯಿಂದ ನೇರವಾಗಿ ಬೇಲಿಗೆ ವಿದ್ಯುತ್ ಕೊಡುವುದು ಅಪರಾಧ. ಅಂಥ ಬೇಲಿಗಳಿಗೆ ಆನೆಗಳೂ ಬಲಿಯಾಗಿವೆ, ಮನುಷ್ಯರೂ ಬಲಿಯಾಗಿದ್ದಾರೆ. ಕುದುರೆ ಒಳಗೆ ಬಂದ ಮೇಲೆ ಸಂಜೆ ಟೇಪನ್ನು ಸುತ್ತಿಟ್ಟುಬಿಡುವುದು ಒಳ್ಳೆಯದು.

ಹುಲ್ಲಿಲ್ಲದ ಅಂಗಳ

ಜೂಲಿನ ದಿಂಡು ಗಟ್ಟಿಯಾದ ಕುದುರೆಗೆ, ಒಮ್ಮೆ ಗೊರಸಿನ ಕಾಯಿಲೆ ಕಂಡ ಕುದುರೆಗೆ, ಚಿಗುರಿನ ನಾಲ್ಕಾರು ವಾರ ಹಸಿಹುಲ್ಲೇ ಬೇಡ. ನೀರು ನಿಲ್ಲದ, ನೆರಳಿರುವ ಬರಿನೆಲದ ಅಂಗಳದಲ್ಲಿ ಜೊತೆಗೊಂದು ಪ್ರಾಣಿಯೊಂದಿಗೆ ಬಿಟ್ಟು, ತೂಗಿದ ಒಣಮೇವನ್ನು ದಿನಕ್ಕೆ ನಾಲ್ಕು ಪಾಲು ಮಾಡಿ ಕೊಡಬೇಕು. ನೆಲದ ಮೇಲೆ ಚೆಲ್ಲಿದರೆ ಮಣ್ಣು ತಿನ್ನುತ್ತದೆ. ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ, ಕಾಲು ಸಿಕ್ಕದ ಎತ್ತರದಲ್ಲಿ ಎರಡು ಮೂರು ಕಡೆ ತೂಗುಹಾಕಿದರೆ ಒಂದು ಗಂಟೆಯ ಮೇವು ಮೂರು ಗಂಟೆ ಬರುತ್ತದೆ, ಅಲ್ಲಿಂದಿಲ್ಲಿಗೆ ನಡೆದಾಟವೂ ಆಗುತ್ತದೆ.

ಒಣಹುಲ್ಲನ್ನು ತಣ್ಣೀರಿನಲ್ಲಿ ನೆನೆಸಿದರೆ ಸಕ್ಕರೆಯ ಒಂದಷ್ಟು ಭಾಗ ಕರಗಿ ಹೋಗುತ್ತದೆ. ಚಳಿದೇಶಗಳಲ್ಲಿ ರಾತ್ರಿಯಿಡೀ ನೆನೆಸುತ್ತಾರೆ. ನಮ್ಮ ಬೇಸಿಗೆಯಲ್ಲಿ ಹಾಗೆ ಮಾಡಿದರೆ ಹುಳಿತು ನಾರುತ್ತದೆ. ಒಂದು ಗಂಟೆ ನೆನೆಸಿ, ಕಂದು ನೀರನ್ನು ಚೆಲ್ಲಿ, ಆಗಿಂದಾಗಲೇ ತಿನ್ನಿಸಬೇಕು. ನೀರಿನೊಂದಿಗೆ ಲವಣಗಳೂ ಹೋಗುವುದರಿಂದ ಖನಿಜ ಮಿಶ್ರಣ ಕೊಡಬೇಕಾಗುತ್ತದೆ. ರಾಗಿಹುಲ್ಲು ಹೊಟ್ಟೆ ತುಂಬಿಸಲು ಒಳ್ಳೆಯದೇ, ಆದರೆ ಒಟ್ಟು ಮೇವಿನಲ್ಲಿ ಮೂರನೆಯ ಒಂದು ಪಾಲು ಮೀರಬಾರದು. ನೀರು ಸಾಲದಿದ್ದರೆ, ಹಲ್ಲು ಸವೆದಿದ್ದರೆ ಅದು ಕರುಳಿನಲ್ಲಿ ಗಂಟು ಕಟ್ಟುತ್ತದೆ. ಎಳೆ ಜೋಳದ ಪೈರಿನಲ್ಲಿಯೂ ಕೂಳೆಯ ಚಿಗುರಿನಲ್ಲಿಯೂ ಸಯನೈಡ್ ವಿಷವಿರುವುದರಿಂದ ಅದರ ಹತ್ತಿರವೂ ಬಿಡಬಾರದು.

ಇನ್ನು ಹುರುಳಿ. ಕುದುರೆಯೆಂದರೆ ಹುರುಳಿ ಎಂಬುದು ನಮ್ಮ ಮನಸ್ಸಿನಲ್ಲಿ ಬೇರೂರಿದೆ, ದುಡಿಯುವ ಕುದುರೆಗೆ ಬೇಯಿಸಿದ ಹುರುಳಿ ಸಲ್ಲುತ್ತದೆ ಕೂಡ. ಕೊಬ್ಬಿದ ಕುದುರೆಗೆ ಹುರುಳಿ, ಬೂಸಾ, ಜೋಳ, ಬೆಲ್ಲ ಎಲ್ಲವನ್ನೂ ನಿಲ್ಲಿಸಬೇಕು. ಮೆರವಣಿಗೆಯಲ್ಲಿ ಮನೆಮನೆಯವರು ಭಕ್ತಿಯಿಂದ ತಿನ್ನಿಸುವ ಬಾಳೆಹಣ್ಣನ್ನೂ ಬೆಲ್ಲದಚ್ಚನ್ನೂ ನಗುನಗುತ್ತಲೇ ಕೈಗೆ ಪಡೆದು ಚೀಲಕ್ಕೆ ಹಾಕಿಕೊಳ್ಳಬೇಕು. ಬೂಸಾದ ವಿಷಯದಲ್ಲಿ ಇನ್ನೊಂದು ಕಾರಣವೂ ಇದೆ. ಹಸುಗಳಿಗೆಂದು ನಾವು ಬೆಳೆಸುವ ಸಿಓ-4ರಂಥ ನೇಪಿಯರ್ ತಳಿಗಳಲ್ಲಿಯೂ ಬೆಟ್ಟದ ಮೇಲಿನ ಕಿಕುಯು ಹುಲ್ಲಿನಲ್ಲಿಯೂ ಆಕ್ಸಲೇಟ್ ಅಂಶ ಹೆಚ್ಚು. ಅದು ಮೇವಿನ ಸುಣ್ಣವನ್ನು ಹಿಡಿದಿಟ್ಟುಕೊಂಡು ಕುದುರೆಗೆ ದಕ್ಕದಂತೆ ಮಾಡುತ್ತದೆ. ಬೂಸಾದಲ್ಲಿ ರಂಜಕ ವಿಪರೀತ. ಎರಡೂ ಸೇರಿದರೆ ಕುದುರೆ ತನ್ನ ಎಲುಬಿನಿಂದಲೇ ಸುಣ್ಣ ತೆಗೆಯತೊಡಗಿ, ತಿಂಗಳುಗಳಲ್ಲಿ ಮುಖದ ಮೂಳೆ ಊದಿ, ಕಾರಣ ತಿಳಿಯದ ಕುಂಟು ಕಾಣಿಸಿಕೊಳ್ಳುತ್ತದೆ. ಹಸು ಇದೇ ಹುಲ್ಲನ್ನು ಸಲೀಸಾಗಿ ಅರಗಿಸಿಕೊಳ್ಳುತ್ತದೆ, ಏಕೆಂದರೆ ಅದರ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಒಡೆಯುತ್ತವೆ. ಕನ್ನಡದಲ್ಲಿ ಕುದುರೆಮೆಂತ್ಯವೆಂದೂ ತಮಿಳಿನಲ್ಲಿ ಕುದಿರೈ ಮಸಾಲ್ ಎಂದೂ ಕರೆಯುವ ಲೂಸರ್ನ್ ಸೊಪ್ಪಿನಲ್ಲಿ ಸುಣ್ಣದ ಅಂಶ ಚೆನ್ನಾಗಿದೆ; ಪುಷ್ಟಿಯೂ ಅಷ್ಟೇ ಇರುವುದರಿಂದ ದಪ್ಪ ಕುದುರೆಗೆ ಒಂದೆರಡು ಹಿಡಿ ಸಾಕು.

ಕುಂಟದ, ಗೊರಸು ನೋಯದ ಕುದುರೆಗೆ ದಿನಕ್ಕೆ ಅರ್ಧ ಗಂಟೆಯಾದರೂ ಚುರುಕಿನ ನಡಿಗೆ ಮತ್ತು ಕುಕ್ಕುಲೋಟ ಬೇಕು. ಬರೀ ಹಗ್ಗ ಹಿಡಿದು ತೋಟ ಸುತ್ತಿಸಿದರೆ ಶಾಸ್ತ್ರಕ್ಕೆ ಮಾತ್ರ ಆಯಿತು.

ಗೊರಸು ಬಿಸಿಯಾದರೆ

ಸಕ್ಕರೆ ಹೆಚ್ಚಾದ ಮೇವು ತಿಂದ, ಕೊಬ್ಬಿದ ಕುದುರೆಯ ರಕ್ತದಲ್ಲಿ ಇನ್ಸುಲಿನ್ ಮಿತಿಮೀರಿ ಏರುತ್ತದೆ. ಗೊರಸಿನ ಒಳಗೆ ಮೂಳೆಯನ್ನೂ ಹೊರಚಿಪ್ಪನ್ನೂ ಬೆಸೆದಿರುವ ಎಸಳುಗಳನ್ನು ಈ ಇನ್ಸುಲಿನ್ ಸಡಿಲಿಸುತ್ತದೆ. ಕುದುರೆಯ ಇಡೀ ಭಾರ ನಿಂತಿರುವುದೇ ಆ ಬೆಸುಗೆಯ ಮೇಲೆ. ಲ್ಯಾಮಿನೈಟಿಸ್ ಎಂದು ವೈದ್ಯರು ಕರೆಯುವುದು ಇದನ್ನೇ. ಗಟ್ಟಿನೆಲದ ಮೇಲೆ ಹೆಜ್ಜೆ ಗಿಡ್ಡವಾಗುವುದು, ತಿರುಗುವಾಗ ಅಳುಕುವುದು, ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಭಾರವನ್ನು ಹಿಂದಕ್ಕೆ ಹಾಕಿ ನಿಲ್ಲುವುದು, ಕಾಲಿನಿಂದ ಕಾಲಿಗೆ ಭಾರ ಬದಲಿಸುತ್ತಿರುವುದು ಇದರ ಲಕ್ಷಣಗಳು. ಗೊರಸಿನ ಮೇಲಿನ ಗಂಟಿನ ಹಿಂದೆ ಎರಡೂ ಬದಿಗೆ ಬೆರಳಿಟ್ಟರೆ ಆರೋಗ್ಯವಾಗಿದ್ದಾಗ ಸಿಕ್ಕೂ ಸಿಗದಂತಿರುವ ನಾಡಿ ಈಗ ಡೋಲು ಬಡಿದಂತೆ ಬಡಿಯುತ್ತದೆ. ಕುದುರೆ ಚೆನ್ನಾಗಿರುವಾಗಲೇ ಆ ನಾಡಿಯನ್ನು ದಿನವೂ ಹಿಡಿದು ನೋಡುವ ಅಭ್ಯಾಸವಿಲ್ಲದವರಿಗೆ ಕೆಟ್ಟ ದಿನ ಅದು ತಿಳಿಯುವುದಿಲ್ಲ.

ಇಷ್ಟು ಕಂಡ ತಕ್ಷಣ ಹುಲ್ಲಿನಿಂದ ಹೊರತಂದು, ಮರಳೋ ಭತ್ತದ ಹೊಟ್ಟೋ ಮರದ ಹೊಟ್ಟೋ ಯಾವುದಾದರೂ ಮೆತ್ತನೆಯ ಹಾಸನ್ನು ಒಂದು ಗೇಣು ದಪ್ಪ ಹರಡಿ ನಿಲ್ಲಿಸಿ, ನಾಲ್ಕೂ ಕಾಲುಗಳನ್ನು ಗೊರಸು ಮುಳುಗುವಂತೆ ಮಂಜುಗಡ್ಡೆಯ ನೀರಿನಲ್ಲಿಟ್ಟು, ಪಶುವೈದ್ಯರನ್ನು ಕರೆಯಬೇಕು. ನಡೆಸಬಾರದು. ಹಾಸಿಗೆ ಬಳಸಿದ್ದು ಭತ್ತದ ಹೊಟ್ಟಾದರೆ ಕುದುರೆ ಅದನ್ನೇ ತಿಂದೀತು, ಆದ್ದರಿಂದ ಬೇರೆ ಏನೂ ಸಿಗದಿದ್ದಾಗ ಮಾತ್ರ. ನೆನೆಸಿದ ಒಣಹುಲ್ಲು ನಿಲ್ಲಿಸುವುದು ಬೇಡ. ಸ್ಥಳೀಯವಾಗಿ ಕುದುರೆಯ ಅನುಭವವಿರುವ ವೈದ್ಯರು ಸಿಗದಿದ್ದರೆ ಹೊಸೂರಿನಿಂದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಫೋನು ಮಾಡಿ ಕೇಳಬಹುದು, ಆದರೆ ನೋಯುವ ಗೊರಸಿನ ಕುದುರೆಯನ್ನು ವೈದ್ಯರ ಒಪ್ಪಿಗೆಯಿಲ್ಲದೆ ಲಾರಿಗೆ ಹತ್ತಿಸಬಾರದು. ಹದಿನೈದು ವರ್ಷ ದಾಟಿದ ಕುದುರೆ ಬೇಸಿಗೆಯಲ್ಲೂ ಉದ್ದ ಕೂದಲು ಉದುರಿಸದೆ ಇದ್ದರೆ ಮೆದುಳಿನ ಪಿಟ್ಯುಯಿಟರಿ ಗ್ರಂಥಿಯ ತೊಂದರೆಯಿರಬಹುದು. ಅದಕ್ಕೆ ಮೇಪಿನ ಮಿತಿಯೊಂದೇ ಸಾಲದು, ರಕ್ತಪರೀಕ್ಷೆಯೂ ಔಷಧವೂ ಬೇಕು.

ಇಳಿಯುವ ವೇಗ

ವಾರಕ್ಕೆ ತೂಕದ ನೂರಕ್ಕೆ ಅರ್ಧದಿಂದ ಒಂದು ಪಾಲು ಇಳಿದರೆ ಸರಿಯಾದ ವೇಗ. 400 ಕಿಲೋಗೆ 2ರಿಂದ 4 ಕಿಲೋ. ಮೊದಲ ವಾರ ಇದಕ್ಕಿಂತ ಹೆಚ್ಚು ಇಳಿದಂತೆ ಕಂಡರೆ ಅದು ಹೊಟ್ಟೆಯಲ್ಲಿದ್ದ ಹಸಿಹುಲ್ಲು ಖಾಲಿಯಾದುದರ ಲೆಕ್ಕ, ಕೊಬ್ಬಿನದಲ್ಲ. ಬೆಳಗಿನ ಎರಡು ಗಂಟೆ ಕುಕ್ಕೆ ಹಾಕಿದ ಮೇಪು, ಉಳಿದಂತೆ ತೂಗಿದ ಒಣಹುಲ್ಲು, ವಾರಕ್ಕೆ ಐದು ದಿನ ಸವಾರಿ ಎಂಬ ಕ್ರಮದಲ್ಲಿ ನಮ್ಮ ಹೆಣ್ಣುಕುದುರೆಯ ಸುತ್ತಳತೆ 175ರಿಂದ 168ಕ್ಕೆ ಬರಲು ಹದಿಮೂರು ವಾರ ಹಿಡಿಯಿತು. ಸೂತ್ರದ ಪ್ರಕಾರ 380 ಕಿಲೋ. ಜೂಲಿನ ದಿಂಡು ಮೆತ್ತಗಾಗಲು ಅದಕ್ಕಿಂತಲೂ ತಡವಾಯಿತು. ಪಕ್ಕೆ ಕೈಗೆ ಸಿಗತೊಡಗಿದ ಮೇಲೆ ಮೇವನ್ನು ಒಮ್ಮೆಗೇ ಏರಿಸದೆ, ವಾರಕ್ಕೆ ಅರ್ಧ ಕಿಲೋದಂತೆ ಹೆಚ್ಚಿಸಿ ಟೇಪು ನಿಂತಲ್ಲಿ ನಿಲ್ಲುವ ಪ್ರಮಾಣವನ್ನು ಕಂಡುಕೊಳ್ಳಬೇಕು.

ಜುಲೈ, ಆಗಸ್ಟಿನಲ್ಲಿ ಹುಲ್ಲು ತೆನೆ ಬಿಟ್ಟು ಒರಟಾದಾಗ ಕಟ್ಟುಪಾಡನ್ನು ಸ್ವಲ್ಪ ಸಡಿಲಿಸಬಹುದು. ಸೆಪ್ಟೆಂಬರಿನ ಮಳೆ ಹಿಡಿಯುವ ಮುನ್ನ ಕುಕ್ಕೆಯ ಪಟ್ಟಿ, ಹೊಲಿಗೆಗಳನ್ನು ನೋಡಿಕೊಂಡು, ಎದೆಯ ಸುತ್ತಳತೆಯನ್ನು ಹೊಸದಾಗಿ ತೆಗೆದು ಲಾಯದ ಗೋಡೆಯ ಮೇಲೆ ತಾರೀಖಿನೊಂದಿಗೆ ಬರೆದಿಡಬೇಕು.